ಇಲಿ, ಮೊಲ ಇಲ್ಲದೆ ಔಷಧಿ ಸುರಕ್ಷಿತ ಅಂತ ಹೇಳೋದು ಹೇಗೆ?

ಮೈಸೂರಿನ ಯಾವ ಆಸ್ಪತ್ರೆಗೆ ಹೋದರೂ ವಾರ್ಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸ್ಟ್ಯಾಂಡಿಗೆ ನೇತುಹಾಕಿದ ಡ್ರಿಪ್ ಬಾಟಲಿ. ಅದರೊಳಗಿನ ಗ್ಲೂಕೋಸ್ ಅಥವಾ ಸಲೈನ್ ನೀರು ಹೊಟ್ಟೆಗೆ ಹೋಗುವುದಿಲ್ಲ, ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಕಾರ್ಖಾನೆಯಲ್ಲೇ ಅದನ್ನು ಆಟೋಕ್ಲೇವ್‌ನಲ್ಲಿಟ್ಟು, ಬಿಸಿ ಹಬೆಯಲ್ಲಿ ಕಾಯಿಸಿ, ಕ್ರಿಮಿಗಳನ್ನೆಲ್ಲ ಕೊಂದಿರುತ್ತಾರೆ. ಅಷ್ಟು ಸಾಕಲ್ವಾ ಅಂದರೆ, ಸಾಲದು. ಸತ್ತ ಕೆಲವು ಜಾತಿಯ ಬ್ಯಾಕ್ಟೀರಿಯಾದ ಹೊರಗೋಡೆಯ ಚೂರುಗಳು ನೀರಿನಲ್ಲೇ ಉಳಿದಿರಬಹುದು. ಇವಕ್ಕೆ ಎಂಡೋಟಾಕ್ಸಿನ್ ಅನ್ನುತ್ತಾರೆ. ಆಟೋಕ್ಲೇವ್‌ನ 121 ಡಿಗ್ರಿ ಶಾಖಕ್ಕೆ ಇವು ಜಗ್ಗುವುದಿಲ್ಲ. ಖಾಲಿ ಗಾಜಿನ ಬಾಟಲಿಯಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಟ್ಟು ಸುಟ್ಟುಹಾಕಬಹುದು. ಗ್ಲೂಕೋಸ್ ನೀರನ್ನು ಹಾಗೆ ಸುಡಲು ಆಗುತ್ತದೆಯೇ? ಈ ಚೂರುಗಳು ಸ್ವಲ್ಪ ರಕ್ತಕ್ಕೆ ಸೇರಿದರೂ ರೋಗಿಗೆ ಗಡಗಡ ಚಳಿ, ಮೈ ಸುಡುವ ಜ್ವರ. ಜಾಸ್ತಿಯಾದರೆ ಬಿಪಿ ಕುಸಿದು ಜೀವಕ್ಕೇ ಕುತ್ತು.

ಕ್ರಿಮಿ ಸತ್ತಿದೆ, ಆದರೂ ನೀರು ಜ್ವರ ತರಿಸುತ್ತದೆಯೋ ಇಲ್ಲವೋ? ಇದನ್ನು ತಿಳಿಯಲು ಬಹಳ ಕಾಲ ಇದ್ದ ದಾರಿ ಮೊಲ. ಮೂರು ಮೊಲಗಳನ್ನು ಕತ್ತು ಮಾತ್ರ ಹೊರಗಿರುವ ಪೆಟ್ಟಿಗೆಗಳಲ್ಲಿ ಕೂರಿಸುತ್ತಾರೆ. ಕಿವಿಯ ರಕ್ತನಾಳಕ್ಕೆ ಔಷಧಿ ಚುಚ್ಚುತ್ತಾರೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಮೂರು ಗಂಟೆ ಮೈ ಬಿಸಿ ಬರೆದುಕೊಳ್ಳುತ್ತಾರೆ. ಮೂರರ ಮೈ ಬಿಸಿ ಎಷ್ಟೆಷ್ಟು ಏರಿತೋ ಅದನ್ನು ಕೂಡಿಸಿದಾಗ ಮಿತಿ ದಾಟಿದರೆ ಇನ್ನಷ್ಟು ಮೊಲಗಳ ಮೇಲೆ ಮತ್ತೆ ಪರೀಕ್ಷೆ. ಮೊಲವೇ ಯಾಕೆ ಅಂದರೆ, ಎಂಡೋಟಾಕ್ಸಿನ್‌ಗೆ ಮೊಲದ ಮೈಯೂ ಮನುಷ್ಯನ ಮೈಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಾಯುತ್ತವೆ. ಪ್ರಾಣಿ ಪರೀಕ್ಷೆಗಳಲ್ಲಿ ಇಷ್ಟು ಚೆನ್ನಾಗಿ ಹೊಂದಿಕೆಯಾಗುವುದು ಅಪರೂಪ.

ಮೊದಲ ಬದಲಿ ಬಂದದ್ದು ಸಮುದ್ರದಿಂದ. ಕುದುರೆ ಲಾಳದ ಆಕಾರದ ಏಡಿಯೊಂದಿದೆ. ನಮ್ಮ ದೇಶದಲ್ಲಿ ಒಡಿಶಾ ಕರಾವಳಿಯಲ್ಲಿ ಸಿಗುತ್ತದೆ. ಅದರ ರಕ್ತ ನೀಲಿ, ಯಾಕೆಂದರೆ ಅದರಲ್ಲಿ ಕಬ್ಬಿಣದ ಬದಲು ತಾಮ್ರವಿದೆ. ಆ ರಕ್ತಕ್ಕೆ ಎಂಡೋಟಾಕ್ಸಿನ್ ಸೋಕಿದರೆ ಸಾಕು, ಹೆಪ್ಪುಗಟ್ಟುತ್ತದೆ. ಇದನ್ನು 1950-60ರ ದಶಕಗಳಲ್ಲಿ ಫ್ರೆಡರಿಕ್ ಬ್ಯಾಂಗ್ ಮತ್ತು ಜ್ಯಾಕ್ ಲೆವಿನ್ ಕಂಡುಕೊಂಡರು. ಆ ರಕ್ತಕಣಗಳ ಸಾರವನ್ನು ಸಣ್ಣ ಟ್ಯೂಬಿಗೆ ಹಾಕಿ, ಔಷಧಿ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಟ್ಯೂಬನ್ನು ತಲೆಕೆಳಗು ಮಾಡಿ ನೋಡುತ್ತಾರೆ. ಜಾರಿದರೆ ಪಾಸು, ಗಟ್ಟಿಯಾಗಿ ಅಂಟಿಕೊಂಡಿದ್ದರೆ ಫೇಲು. ಮೊಲದ ಪರೀಕ್ಷೆಗಿಂತ ಬೇಗ ಮುಗಿಯುತ್ತದೆ, ಅಗ್ಗ, ಸೂಕ್ಷ್ಮವೂ ಹೌದು. ಲಕ್ಷಗಟ್ಟಲೆ ಮೊಲಗಳು ಬಚಾವಾದವು. ಏಡಿಗಳಿಗೆ ಮಾತ್ರ ಕಷ್ಟ ಬಂತು. ರಕ್ತ ತೆಗೆದು ಸಮುದ್ರಕ್ಕೆ ಬಿಟ್ಟರೂ ಒಂದಷ್ಟು ಸಾಯುತ್ತವೆ.

ಮುಂದಿನ ಹೆಜ್ಜೆ ಸಿಂಗಾಪುರದಲ್ಲಿ ಆಯಿತು. ಏಡಿಯ ರಕ್ತ ಹೆಪ್ಪುಗಟ್ಟಲು ಮೊದಲು ಕೆರಳುವ ಪ್ರೋಟೀನ್ ಯಾವುದೋ ಅದರ ಜೀನನ್ನು ಅಲ್ಲಿನ ವಿಜ್ಞಾನಿಗಳು 1990ರ ದಶಕದಲ್ಲಿ ಬೇರ್ಪಡಿಸಿ, ಲ್ಯಾಬಿನಲ್ಲೇ ಆ ಪ್ರೋಟೀನ್ ತಯಾರಿಸಿದರು. ಈಗ ಏಡಿಯೂ ಬೇಕಿಲ್ಲ. ಆದರೆ ಜ್ವರ ತರಿಸುವುದು ಎಂಡೋಟಾಕ್ಸಿನ್ ಒಂದೇ ಅಲ್ಲ. ಬೇರೆ ಜಾತಿಯ ಬ್ಯಾಕ್ಟೀರಿಯಾದ ಚೂರುಗಳು ಏಡಿಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಮನುಷ್ಯರು ದಾನ ಮಾಡಿದ ರಕ್ತದ ಬಿಳಿ ಕಣಗಳನ್ನೇ ತಟ್ಟೆಯಲ್ಲಿಟ್ಟು, ಔಷಧಿ ಹಾಕಿ, ಆ ಕಣಗಳು ಜ್ವರ ಎಬ್ಬಿಸುವ ಸಂದೇಶದ ಪ್ರೋಟೀನ್‌ಗಳನ್ನು ಬಿಡುತ್ತವೆಯೇ ಅಂತ ಅಳೆಯುವ ಪರೀಕ್ಷೆ ಬಂತು. ಮೊಲದ ಜ್ವರ ನೋಡಿ ಮನುಷ್ಯನ ಜ್ವರ ಊಹಿಸುವ ಬದಲು, ಮನುಷ್ಯನ ಕಣವನ್ನೇ ಕೇಳಿದಂತಾಯಿತು. ಯುರೋಪಿನ ಫಾರ್ಮಕೋಪಿಯಾ, ಅಂದರೆ ಔಷಧಿ ಗುಣಮಟ್ಟದ ಅಧಿಕೃತ ಗ್ರಂಥ, 2025ರ ಜುಲೈನಿಂದ ತನ್ನ ಪುಟಗಳಿಂದ ಮೊಲದ ಜ್ವರ ಪರೀಕ್ಷೆಯನ್ನು ತೆಗೆದುಹಾಕಿದೆ.

ಇಷ್ಟು ಉದ್ದಕ್ಕೆ ಈ ಒಂದು ಕಥೆ ಹೇಳಿದ್ದಕ್ಕೆ ಕಾರಣವಿದೆ. ಪ್ರಾಣಿಯ ಜಾಗಕ್ಕೆ ಒಂದು ಕಂಪ್ಯೂಟರ್ ತಂದು ಕೂರಿಸುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಹಾಗೆ ಆಗುವುದಿಲ್ಲ. ಮೊಲವನ್ನು ಕೇಳುತ್ತಿದ್ದದ್ದು ಒಂದೇ ಒಂದು ಪ್ರಶ್ನೆ: ಜ್ವರ ಬರುತ್ತದಾ? ಆ ಒಂದು ಪ್ರಶ್ನೆಗೆ ನಂಬುವಂಥ ಬದಲಿ ಉತ್ತರ ಹುಡುಕಿ, ಒಪ್ಪಿಸಿ, ಗ್ರಂಥದಿಂದ ಹಳೆಯದನ್ನು ಅಳಿಸಲು ಅರ್ಧ ಶತಮಾನದ ಮೇಲೆ ಹಿಡಿಯಿತು. ಹೊಸ ಔಷಧಿಯೊಂದು ಬಂದಾಗ ಕೇಳಬೇಕಾದ ಪ್ರಶ್ನೆಗಳು ಹತ್ತಾರಿವೆ.

ಪ್ರಾಣಿಗಳನ್ನು ಕೇಳುವುದು ಯಾಕೆ ಶುರುವಾಯಿತು?

1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾನಿಲಮೈಡ್ ಎಂಬ ಔಷಧಿಯನ್ನು ಸಿರಪ್ ಮಾಡಿ ಮಾರಿತು. ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್. ಅದು ಕಿಡ್ನಿ ಕೊಲ್ಲುವ ವಿಷ. ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಮಾರುವ ಮುಂಚೆ ವಿಷವೋ ಅಲ್ಲವೋ ನೋಡಬೇಕು ಎಂಬ ಕಾನೂನೇ ಆಗ ಇರಲಿಲ್ಲ. ಮರು ವರ್ಷ ಕಾನೂನು ಬಂತು, ಪ್ರಾಣಿ ಪರೀಕ್ಷೆ ರೂಢಿಯಾಯಿತು. ಇದೇ ವಿಷ ಕೆಮ್ಮಿನ ಸಿರಪ್ಪುಗಳಲ್ಲಿ ಈಗಲೂ ಆಗಾಗ ಸಿಕ್ಕಿ ಮಕ್ಕಳು ಸಾಯುತ್ತಿದ್ದಾರೆ. ಅದು ಪ್ರಾಣಿ ಪರೀಕ್ಷೆಯ ಕೊರತೆಯಲ್ಲ, ಕಚ್ಚಾ ವಸ್ತು ತಪಾಸಣೆ ಮಾಡದ ಕಳ್ಳಾಟ. ಆ ಸಿಟ್ಟು ಬೇರೆ ಲೇಖನಕ್ಕೆ ಇರಲಿ.

ಅಲ್ಲಿಂದ ಬೆಳೆದು ನಿಂತ ಪದ್ಧತಿ ಹೀಗಿದೆ. ಮನುಷ್ಯರಿಗೆ ಮೊದಲ ಡೋಸ್ ಕೊಡುವ ಮುಂಚೆ ಸಾಮಾನ್ಯವಾಗಿ ಎರಡು ಜಾತಿಯ ಪ್ರಾಣಿಗಳಿಗೆ, ಒಂದು ಇಲಿ ಜಾತಿ, ಇನ್ನೊಂದು ನಾಯಿ ಅಥವಾ ಕೋತಿ, ದಿನವೂ ಔಷಧಿ ಕೊಟ್ಟು ನೋಡುತ್ತಾರೆ. ಲಿವರ್, ಕಿಡ್ನಿ, ಹೃದಯ, ನರ ಏನಾಗುತ್ತದೆ, ಜೀನ್ ಕೆಡುತ್ತದಾ, ಹೊಟ್ಟೆಯಲ್ಲಿರುವ ಮರಿಗೆ ತೊಂದರೆಯಾ, ಕ್ಯಾನ್ಸರ್ ಬರುತ್ತದಾ. ಕ್ಯಾನ್ಸರ್ ಪ್ರಶ್ನೆಗೆ ಇಲಿಗಳನ್ನು ಎರಡು ವರ್ಷ ಸಾಕಬೇಕು.

ಇಷ್ಟೆಲ್ಲ ಮಾಡಿಯೂ ಕ್ಲಿನಿಕಲ್ ಟ್ರಯಲ್‌ಗೆ ಹೋದ ಹತ್ತು ಔಷಧಿಗಳಲ್ಲಿ ಸುಮಾರು ಒಂಬತ್ತು ಮಾರುಕಟ್ಟೆ ಮುಟ್ಟುವುದಿಲ್ಲ. ಎಲ್ಲಕ್ಕೂ ಪ್ರಾಣಿ ಪರೀಕ್ಷೆಯೇ ಕಾರಣವಲ್ಲ. ಎಷ್ಟೋ ಔಷಧಿಗಳು ಕೆಲಸ ಮಾಡದೆಯೇ ಸೋಲುತ್ತವೆ. ಆದರೆ ಒಂದು ಜೀವಿಯ ಮೈ ಇನ್ನೊಂದರ ಬಗ್ಗೆ ಹೇಳುವುದು ಅರ್ಧ ಸತ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಮನೆಯ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕಲು ನಮ್ಮ ಲಿವರ್ ಬಳಸುವ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ.

ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ರಾಮನಗರದ ಬಂಡೆಗಳು ಕಾಣುತ್ತವಲ್ಲ, ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಇಡೀ ದಕ್ಷಿಣ ಏಷ್ಯಾದಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕಿಂತ ಹೆಚ್ಚು ನಾಶವಾದದ್ದು ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿಯಿಂದ. ಮನುಷ್ಯರು ನುಂಗುತ್ತೇವೆ, ದನಗಳಿಗೆ ಚುಚ್ಚುತ್ತಿದ್ದರು, ಇಬ್ಬರಿಗೂ ಪರವಾಗಿಲ್ಲ. ಆ ದನ ಸತ್ತಾಗ ತಿಂದ ಹದ್ದಿನ ಕಿಡ್ನಿ ಮಾತ್ರ ಕೆಲವೇ ದಿನಗಳಲ್ಲಿ ಕೈಕೊಟ್ಟಿತು. ಕಾರಣ ಗೊತ್ತಾದದ್ದು 2004ರಲ್ಲಿ. 2006ರಲ್ಲಿ ಭಾರತ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಬದಲಿಗೆ ಬಂದ ಮೆಲಾಕ್ಸಿಕ್ಯಾಮ್ ಹದ್ದುಗಳಿಗೆ ಸುರಕ್ಷಿತ.

ಮನುಷ್ಯರ ಮೇಲೆ ಆದದ್ದೂ ಇದೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಆರು ಜನ ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಆಂಟಿಬಾಡಿ ಔಷಧಿ ಕೊಟ್ಟರು. ಇದರ ಸುಮಾರು 500 ಪಟ್ಟು ಡೋಸ್ ಕೋತಿಗಳಿಗೆ ಕೊಟ್ಟಾಗ ಏನೂ ಆಗಿರಲಿಲ್ಲ. ಯುವಕರಿಗೆ ಒಂದೂವರೆ ಗಂಟೆಯೊಳಗೆ ತಲೆನೋವು, ವಾಂತಿ, ಆಮೇಲೆ ಅಂಗಾಂಗಗಳೇ ಸೋಲತೊಡಗಿದವು. ಆರೂ ಜನ ಬದುಕಿದರು, ಆದರೆ ಐಸಿಯು ನೋಡಿ ಬಂದರು. ಔಷಧಿ ಹಿಡಿಯಬೇಕಾದ ಕೊಂಡಿ ಮನುಷ್ಯನ ಒಂದು ಬಗೆಯ ಬಿಳಿ ರಕ್ತಕಣದ ಮೇಲೆ ಇದೆ, ಆ ಕೋತಿಯ ಅದೇ ಬಗೆಯ ಕಣದ ಮೇಲೆ ಇಲ್ಲ. ಆಮೇಲೆ ವಿಜ್ಞಾನಿಗಳು ಮನುಷ್ಯರ ರಕ್ತಕಣಗಳನ್ನು ತಟ್ಟೆಯಲ್ಲಿಟ್ಟು ನೋಡಿದರು. ಸುಮ್ನೆ ಔಷಧಿ ಸುರಿದಾಗ ಕಣಗಳು ತೆಪ್ಪಗಿದ್ದವು. ಔಷಧಿಯನ್ನು ಮೊದಲು ತಟ್ಟೆಯ ತಳಕ್ಕೆ ಲೇಪಿಸಿ, ಮೇಲೆ ಕಣ ಬಿಟ್ಟಾಗ ಕೆರಳಿದವು. ಇವತ್ತು ಇಂಥ ಔಷಧಿಗಳಿಗೆ ಈ ಪರೀಕ್ಷೆ ಮಾಮೂಲು. ಇಲ್ಲಿ ಗಮನಿಸಬೇಕಾದದ್ದು ಎರಡೂ: ಮನುಷ್ಯನ ಕಣ ನಿಜ ಹೇಳಿತು, ಆದರೆ ಸರಿಯಾಗಿ ಕೇಳಿದಾಗ ಮಾತ್ರ.

ಚಿಪ್ಪು, ಕಂಪ್ಯೂಟರು, ನೊಣ, ರೇಷ್ಮೆ ಹುಳು

ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಲಿವರ್. 1993ರಲ್ಲಿ ಫಿಯಾಲುರಿಡಿನ್ ಎಂಬ ಹೆಪಟೈಟಿಸ್-ಬಿ ಔಷಧಿಯ ಟ್ರಯಲ್‌ನಲ್ಲಿ 15 ಜನರಲ್ಲಿ 5 ಮಂದಿ ಸತ್ತರು, ಇಬ್ಬರು ಲಿವರ್ ಕಸಿಯಿಂದ ಉಳಿದರು. ಪ್ರಾಣಿಗಳಲ್ಲಿ ಇದರ ಸುಳಿವೇ ಸಿಕ್ಕಿರಲಿಲ್ಲ. ಜೀವಕೋಶದ ಒಳಗಿನ ಮೈಟೋಕಾಂಡ್ರಿಯಾಕ್ಕೆ ಆ ಔಷಧಿಯನ್ನು ಸಾಗಿಸುವ ಪ್ರೋಟೀನ್ ಮನುಷ್ಯನಲ್ಲಿ ಅಲ್ಲಿದೆ, ಇಲಿಯಲ್ಲಿ ಅಲ್ಲಿಲ್ಲ. ಹಾಗಾದರೆ ಮನುಷ್ಯನ ಲಿವರ್ ಕೋಶಗಳನ್ನೇ ತಟ್ಟೆಯಲ್ಲಿ ಬೆಳೆಸಿ ನೋಡಬಹುದಲ್ವಾ? ನೋಡಬಹುದು. ಆದರೆ ಚಪ್ಪಟೆ ತಟ್ಟೆಯಲ್ಲಿ ಲಿವರ್ ಕೋಶ ಕೆಲವೇ ದಿನಗಳಲ್ಲಿ ತನ್ನ ಕೆಲಸ ಮರೆಯುತ್ತದೆ. ಫಿಯಾಲುರಿಡಿನ್ ಕೊಂದದ್ದು ವಾರಗಟ್ಟಲೆ ತೆಗೆದುಕೊಂಡ ಮೇಲೆ.

ಅಂಗಚಿಪ್ ಹುಟ್ಟಿದ್ದು ಈ ಕೊರತೆ ತುಂಬಲು. ಪೆನ್‌ಡ್ರೈವ್‌ನಷ್ಟು ಗಾತ್ರದ, ಪಾರದರ್ಶಕವಾದ, ಬಗ್ಗುವ ಪ್ಲಾಸ್ಟಿಕ್ ತುಂಡು. ಒಳಗೆ ಒಂದರ ಮೇಲೊಂದು ಎರಡು ಸಣ್ಣ ಕಾಲುವೆ, ನಡುವೆ ತೂತುಗಳಿರುವ ತೆಳು ಪೊರೆ. ಮೇಲಿನ ಕಾಲುವೆಯಲ್ಲಿ ಮನುಷ್ಯನ ಲಿವರ್ ಕೋಶ. ಕೆಳಗಿನದರಲ್ಲಿ ರಕ್ತನಾಳದ ಒಳಪದರದ ಕೋಶ ಮತ್ತು ಲಿವರಿನಲ್ಲಿ ಇರುವ ರೋಗನಿರೋಧಕ ಕೋಶ. ಪೋಷಕ ದ್ರವ ಸದಾ ನಿಧಾನವಾಗಿ ಹರಿಯುತ್ತಿರುತ್ತದೆ. ಹರಿವು ಇದ್ದರೆ, ಅಕ್ಕಪಕ್ಕದವರು ಇದ್ದರೆ, ಲಿವರ್ ಕೋಶ ಹೆಚ್ಚು ದಿನ ಲಿವರ್ ಆಗಿಯೇ ಉಳಿಯುತ್ತದೆ. ಹಾರ್ವರ್ಡ್‌ನಲ್ಲಿ ಡೊನಾಲ್ಡ್ ಇಂಗ್‌ಬರ್ ತಂಡ 2010ರಲ್ಲಿ ಶ್ವಾಸಕೋಶದ ಚಿಪ್ ತೋರಿಸಿತು. ಉಸಿರಾಡಿದ ಹಾಗೆ ಅದು ಹಿಗ್ಗಿ ಕುಗ್ಗುತ್ತಿತ್ತು. 2022ರಲ್ಲಿ 870 ಲಿವರ್ ಚಿಪ್‌ಗಳಲ್ಲಿ 27 ಔಷಧಿಗಳನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಮನುಷ್ಯರ ಲಿವರ್ ಕೆಡಿಸುತ್ತವೆ ಅಂತ ಗೊತ್ತಿದ್ದ ಔಷಧಿಗಳಲ್ಲಿ ಶೇ. 87ರಷ್ಟನ್ನು ಚಿಪ್ ಹಿಡಿಯಿತು. ಸುರಕ್ಷಿತವಾದ ಒಂದನ್ನೂ ತಪ್ಪಾಗಿ ವಿಷ ಅನ್ನಲಿಲ್ಲ. ಹುಬ್ಬೇರಿಸುವ ಫಲಿತಾಂಶವೇ. ಆದರೆ ಅಧ್ಯಯನದ ಹಿಂದೆ ಇದ್ದದ್ದು ಆ ಚಿಪ್ ಮಾರುವ ಕಂಪನಿ, ಮತ್ತು ಔಷಧಿಗಳು 27 ಮಾತ್ರ. ಅದನ್ನೂ ಸೇರಿಸಿಯೇ ಓದಿಕೊಳ್ಳಬೇಕು.

ಹೃದಯದ ವಿಷಯದಲ್ಲಿ ಕಂಪ್ಯೂಟರ್ ಮುಂದಿದೆ. ಹೃದಯಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಓಡಾಡುವ ದಾರಿಗಳಿವೆ. ಯಾವ ಔಷಧಿ ಯಾವ ದಾರಿಗೆ ಎಷ್ಟು ಅಡ್ಡ ನಿಲ್ಲುತ್ತದೆ ಅಂತ ಅಳೆದು ಗಣಿತದ ಮಾದರಿಗೆ ಕೊಟ್ಟರೆ, ಬಡಿತ ತಪ್ಪುತ್ತದೋ ಇಲ್ಲವೋ ಹೇಳುತ್ತದೆ. 2017ರಲ್ಲಿ ಆಕ್ಸ್‌ಫರ್ಡ್ ತಂಡ 62 ಔಷಧಿಗಳ ಮೇಲೆ ನಡೆಸಿದ ಹೋಲಿಕೆಯಲ್ಲಿ ಕಂಪ್ಯೂಟರ್ ಶೇ. 89ರಷ್ಟು ಸರಿ ಹೇಳಿತು, ಮೊಲದ ಹೃದಯದ ಪರೀಕ್ಷೆ ಶೇ. 75.

ನಂಜನಗೂಡಿನಂಥ ಕಡೆ ಔಷಧಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಬಗೆಯ ಕಂಪ್ಯೂಟರ್ ಪರೀಕ್ಷೆ ಗೊತ್ತಿರುತ್ತದೆ. ಔಷಧಿಯಲ್ಲಿ ಚೂರುಪಾರು ಉಳಿಯುವ ಕಲ್ಮಶ ಜೀನ್ ಕೆಡಿಸುತ್ತದೆಯೇ ಅಂತ ತಿಳಿಯಲು ಅದರ ರಚನೆಯನ್ನು ಎರಡು ಬೇರೆ ಬೇರೆ ಬಗೆಯ ಸಾಫ್ಟ್‌ವೇರ್‌ಗೆ ಕೊಡುತ್ತಾರೆ. ಎರಡೂ ಕೆಡಿಸುವುದಿಲ್ಲ ಅಂತ ಹೇಳಿದರೆ, ಅಂತರರಾಷ್ಟ್ರೀಯ ನಿಯಮದಂತೆ ಅಷ್ಟೇ ಸಾಕು. ಅನುಮಾನ ಬಂದರೆ ಬ್ಯಾಕ್ಟೀರಿಯಾ ಬಳಸುವ, ಏಮ್ಸ್ ಎಂಬ ವಿಜ್ಞಾನಿಯ ಹೆಸರಿನ ಪರೀಕ್ಷೆ. ಹೆಚ್ಚಿನ ಸಲ ಇಲಿಯವರೆಗೆ ಹೋಗಬೇಕಾಗುವುದೇ ಇಲ್ಲ. ಇದು ಸದ್ದಿಲ್ಲದೆ ಆದ ಬದಲಾವಣೆ, ಪೇಪರಿನಲ್ಲಿ ಬರುವುದಿಲ್ಲ.

ಸಣ್ಣ ಜೀವಿಗಳದ್ದು ನಡುವಿನ ದಾರಿ. ಮಾಗಿದ ಬಾಳೆಹಣ್ಣಿನ ಮೇಲೆ ಸುತ್ತುವ ಹಣ್ಣುನೊಣಗಳ ತಳಿಗಳನ್ನು ಕಾಪಿಡುವ ದೊಡ್ಡ ಸಂಗ್ರಹ ಮಾನಸಗಂಗೋತ್ರಿಯಲ್ಲೇ ಇದೆ, ಮೈಸೂರು ವಿಶ್ವವಿದ್ಯಾನಿಲಯದ ಡ್ರೊಸೊಫಿಲಾ ಕೇಂದ್ರದಲ್ಲಿ. ಮನುಷ್ಯನ ಕಾಯಿಲೆಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ನೊಣದಲ್ಲೂ ಜೋಡಿ ಇದೆ ಅನ್ನುತ್ತಾರೆ. ಜಪಾನಿನ ವಿಜ್ಞಾನಿಗಳಂತೂ ರೇಷ್ಮೆ ಹುಳುವನ್ನೇ ಹಿಡಿದರು. ನಾಲ್ಕನೇ ಜ್ವರ (ಅಂದರೆ ಪೊರೆ ಕಳಚುವ ಹಂತ) ಎದ್ದ ಹುಳು ಸಿರಿಂಜಿನಿಂದ ಚುಚ್ಚುವಷ್ಟು ದಪ್ಪ ಇರುತ್ತದೆ. ಅದಕ್ಕೆ ಸೋಂಕು ಹಚ್ಚಿ, ಆಂಟಿಬಯಾಟಿಕ್ ಕೊಟ್ಟು, ಬದುಕುತ್ತದಾ ನೋಡುತ್ತಾರೆ. ಹಿಪ್ಪುನೇರಳೆ ಸೊಪ್ಪು, ತಟ್ಟೆ, ಚಂದ್ರಿಕೆ ಎಲ್ಲ ಕೈಗೆಟುಕುವಲ್ಲೇ ಇರುವ ನಮ್ಮ ಸೀಮೆಯಲ್ಲಿ ಇದು ಇನ್ನೂ ಜಾಸ್ತಿ ನಡೆಯಬಹುದಿತ್ತು ಅನ್ನಿಸುತ್ತದೆ. ಹುಳುವೂ ಜೀವವೇ ಅಲ್ವಾ ಅಂತ ಯಾರಾದರೂ ಕೇಳಿದರೆ, ಹೌದು. ರೇಷ್ಮೆ ಸೀರೆ ಉಟ್ಟು ಕೇಳಬೇಡಿ ಅಷ್ಟೇ.

ಯಾವುದನ್ನು ನಂಬುವುದು?

ಹೊಸ ಪರೀಕ್ಷೆಯೊಂದು ಬಂದರೆ ಅಧಿಕಾರಿಗಳು ಅದನ್ನು ಅರೆದು ನೋಡುತ್ತಾರೆ. ನಾಲ್ಕು ಬೇರೆ ಲ್ಯಾಬಿನಲ್ಲಿ ಮಾಡಿದರೂ ಒಂದೇ ಉತ್ತರ ಬರುತ್ತದಾ? ಗೊತ್ತಿರುವ ವಿಷವನ್ನು ಹಿಡಿಯುತ್ತದಾ? ಕೇಳಲೇಬೇಕಾದ ಪ್ರಶ್ನೆಗಳೇ. ನನ್ನ ತಕರಾರು ಇಷ್ಟೇ: ಇಲಿ, ನಾಯಿಗಳನ್ನು ಕಾನೂನಿನೊಳಗೆ ತಂದಾಗ ಯಾರೂ ಹೀಗೆ ಅರೆದು ನೋಡಿರಲಿಲ್ಲ. ದಶಕಗಳು ಕಳೆದ ಮೇಲೆ, 2000ದಲ್ಲಿ, ಹನ್ನೆರಡು ಕಂಪನಿಗಳ 150 ಔಷಧಿಗಳ ಲೆಕ್ಕ ತೆಗೆದರು. ಮನುಷ್ಯರಲ್ಲಿ ಕಂಡ ವಿಷ ಪರಿಣಾಮಗಳಲ್ಲಿ ಶೇ. 71ರಷ್ಟು ಯಾವುದಾದರೂ ಒಂದು ಪ್ರಾಣಿಯಲ್ಲಿ ಮೊದಲೇ ಕಂಡಿದ್ದವು. ಇಲಿ ಜಾತಿಯೊಂದನ್ನೇ ತೆಗೆದುಕೊಂಡರೆ ಶೇ. 43. ಈ ಸಂಖ್ಯೆ ನೋಡಿ ಪ್ರಾಣಿ ಪರೀಕ್ಷೆ ದಂಡ ಅನ್ನುವವರೂ ತಪ್ಪು, ಅದೇ ಚಿನ್ನದ ಗುಣಮಟ್ಟ ಅನ್ನುವವರೂ ತಪ್ಪು. ಚಿಪ್‌ನಿಂದ ನೂರಕ್ಕೆ ನೂರು ಕೇಳುವವರು ಇಲಿಯಿಂದ ಎಷ್ಟಕ್ಕೆ ಒಪ್ಪಿದ್ದರು ಅಂತ ನೆನಪಿಟ್ಟುಕೊಂಡರೆ ಸಾಕು.

ಒಂದೇ ಪರೀಕ್ಷೆಯ ಮೇಲೆ ನಿಲ್ಲದೆ, ಹಲವನ್ನು ಜೋಡಿಸಿ ತೀರ್ಮಾನಿಸುವುದು ಈಗಿನ ದಾರಿ. ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ಅಕ್ಕಪಕ್ಕದ ಮನೆ, ಆಫೀಸು, ಊರಿನ ಕಡೆಯವರು ಅಂತ ನಾಲ್ಕು ಕಡೆ ವಿಚಾರಿಸುತ್ತೇವಲ್ಲ, ಹಾಗೆ. ಒಬ್ಬರ ಮಾತು ಸಾಲದು, ಆದರೆ ಪರಸ್ಪರ ಪರಿಚಯವೇ ಇಲ್ಲದ ನಾಲ್ವರು ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಬರುತ್ತದೆ. ಎರಡು ವರ್ಷದ ಇಲಿ ಕ್ಯಾನ್ಸರ್ ಪರೀಕ್ಷೆಗೂ ಇದೇ ಬಂದಿದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ, ಬೇರೆ ಸಾಕ್ಷ್ಯಗಳು ಸಾಕಷ್ಟು ಇದ್ದರೆ ಆ ಪರೀಕ್ಷೆ ಬಿಡಬಹುದು ಅಂತ ಕಂಪನಿ ವಾದಿಸಬಹುದು.

ಕಾನೂನೂ ಇದೇ ದಿಕ್ಕಿಗೆ ಸರಿದಿದೆ. 2022ರ ಡಿಸೆಂಬರಿನಲ್ಲಿ ಅಮೆರಿಕ ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಮಾತನ್ನು ಕಾನೂನಿನಿಂದ ತೆಗೆಯಿತು. 2025ರ ಏಪ್ರಿಲಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಂಟಿಬಾಡಿ ಔಷಧಿಗಳಿಂದ ಶುರುಮಾಡಿ ಪ್ರಾಣಿ ಬಳಕೆಯನ್ನು ಹಂತಹಂತವಾಗಿ ಕಡಿಮೆ ಮಾಡುವ ಯೋಜನೆ ಪ್ರಕಟಿಸಿತು. ಭಾರತದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ 2023ರಲ್ಲಿ ತಿದ್ದುಪಡಿಯಾಗಿ, ಜೀವಕೋಶ ಪರೀಕ್ಷೆ, ಅಂಗಚಿಪ್, ಕಂಪ್ಯೂಟರ್ ಮಾದರಿಗಳಿಗೆ ಜಾಗ ಸಿಕ್ಕಿತು. ವಾಟ್ಸಾಪಿನಲ್ಲಿ ಇದು ನಿಷೇಧ ಅಂತ ಓಡಾಡಿತು. ಎಲ್ಲೂ ನಿಷೇಧವಾಗಿಲ್ಲ, ಬೇರೆ ದಾರಿಗೂ ಬಾಗಿಲು ತೆರೆದಿದೆ. ನಿಜವಾಗಿ ನಿಷೇಧವಾದದ್ದು ಸೌಂದರ್ಯವರ್ಧಕಗಳ ಪ್ರಾಣಿ ಪರೀಕ್ಷೆ, ಅದು 2014ರಲ್ಲಿ. ಇನ್ನು, ಬೇರೆ ಸಾಧನದಿಂದ ಕಲಿಸಲು ಆಗುವಲ್ಲಿ ಪ್ರಾಣಿ ಪ್ರಯೋಗ ಬೇಡ ಅಂತ ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಹೇಳಿದೆ. ಓದಿದವರು ಕಡಿಮೆ.

ಕಾಲೇಜುಗಳಲ್ಲಿ ಆ ಮಾತು ಜಾರಿಗೆ ಬರಲು ಅರ್ಧ ಶತಮಾನ ಬೇಕಾಯಿತು. ಮೈಸೂರಿನಲ್ಲಿ ನಾವು ಬಿ.ಫಾರ್ಮ್ ಓದುವಾಗ ಪ್ರಾಕ್ಟಿಕಲ್ ದಿನ ಡ್ರಮ್ಮಿಗೆ ನುಣುಪು ಕಾಗದ ಸುತ್ತಿ, ಅದನ್ನು ಹೊಗೆಯಾಡುವ ಜ್ವಾಲೆಯ ಮೇಲೆ ತಿರುಗಿಸಿ ಮಸಿ ಹಿಡಿಸುತ್ತಿದ್ದೆವು. ಕಪ್ಪೆಯ ಹೊಟ್ಟೆಯ ಸ್ನಾಯುವನ್ನು ದ್ರಾವಣದಲ್ಲಿ ನೇತುಹಾಕಿ, ಔಷಧಿ ಬಿಟ್ಟರೆ ಸ್ನಾಯು ಕುಗ್ಗಿ, ಸನ್ನೆ ಕಡ್ಡಿ ಮಸಿಯ ಮೇಲೆ ಬಿಳಿ ಗೀರು ಎಳೆಯುತ್ತಿತ್ತು. ಆ ಗೀರು ಅಳಿಸದಂತೆ ವಾರ್ನಿಶ್‌ನಲ್ಲಿ ಅದ್ದಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಬೇಕು. ಇಡೀ ಬ್ಯಾಚು ಪ್ರತಿ ವರ್ಷ ಅದೇ ಗೀರು ಎಳೆಯುತ್ತಿತ್ತು, ಉತ್ತರ ಮೊದಲೇ ಗೊತ್ತಿತ್ತು. ಈಗಿನ ಸಿಲಬಸ್‌ನಲ್ಲಿ ಇದೆಲ್ಲ ಸಾಫ್ಟ್‌ವೇರ್ ಮತ್ತು ವಿಡಿಯೋದಲ್ಲಿ. ಪಾಂಡಿಚೇರಿಯ ಜಿಪ್ಮರ್‌ನಲ್ಲಿ ಮಾಡಿದ ಎಕ್ಸ್‌ಫಾರ್ಮ್ ಎಂಬ ಪ್ರೋಗ್ರಾಂ ಎಷ್ಟೋ ಕಾಲೇಜುಗಳಲ್ಲಿ ಬಳಕೆಗೆ ಬಂತು. ಕಲಿಕೆಗೆ ಇದರಿಂದ ಏನೂ ನಷ್ಟವಾಗಿಲ್ಲ.

ಇನ್ನೂ ಬದಲಿ ಸಿಗದ ಪ್ರಶ್ನೆಗಳಲ್ಲಿ ಗಟ್ಟಿಯಾದದ್ದು ಗರ್ಭಿಣಿಯದು. ಗರ್ಭಿಣಿಯರು ವಾಂತಿಗೆ ನುಂಗಿದ ಥಾಲಿಡೊಮೈಡ್ ಎಂಬ ಔಷಧಿಯಿಂದ 1960ರ ಆಸುಪಾಸಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲಿನ ಊನದಿಂದ ಹುಟ್ಟಿದರು. ಇಲಿಗಳ ಮೇಲೆ ಅದು ಅಷ್ಟಾಗಿ ಪರಿಣಾಮ ಮಾಡುವುದಿಲ್ಲ, ಮೊಲಗಳಲ್ಲಿ ಮಾಡುತ್ತದೆ. ತಾಯಿ, ಮಾಸು, ದಿನದಿನಕ್ಕೂ ಬದಲಾಗುವ ಭ್ರೂಣ, ಇಷ್ಟನ್ನೂ ಒಂದು ಚಿಪ್ಪಿನೊಳಗೆ ತರುವುದು ಸದ್ಯಕ್ಕೆ ಆಗದ ಮಾತು. ನಡವಳಿಕೆ, ಮೂಳೆಯ ಬೆಳವಣಿಗೆ, ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದೂ ಅಷ್ಟೇ.

ಪ್ರಾಣಿ ಬೇಡ ಅನ್ನುವ ಲ್ಯಾಬಿನ ಫ್ರಿಜ್ಜಿನಲ್ಲೇ ಒಂದು ಮುಜುಗರ ಕೂತಿದೆ. ಜೀವಕೋಶ ಬೆಳೆಸುವ ದ್ರವಕ್ಕೆ ಸಾಮಾನ್ಯವಾಗಿ ಹಾಕುವುದು ಕಸಾಯಿಖಾನೆಯಲ್ಲಿ ಗಬ್ಬದ ಹಸುವಿನ ಹೊಟ್ಟೆಯಿಂದ ತೆಗೆದ ಕರುವಿನ ರಕ್ತದ ಸೀರಂ. ಸೀರಂ ಇಲ್ಲದ ದ್ರವಗಳೂ ಬಂದಿವೆ, ಆದರೆ ಪ್ರತಿ ಬಗೆಯ ಕೋಶಕ್ಕೂ ಬೇರೆ ಪಾಕ ಬೇಕು, ಬೆಲೆಯೂ ಜಾಸ್ತಿ.

ಇದನ್ನೆಲ್ಲ ನಮ್ಮ ಊರಿನ ಲ್ಯಾಬಿನಲ್ಲಿ ಮಾಡಲು ಹೊರಟವರಿಗೆ ಎದುರಾಗುವುದು ತತ್ವದ ಪ್ರಶ್ನೆಗಳಲ್ಲ. ಮನುಷ್ಯನ ಲಿವರ್ ಕೋಶಗಳು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿ ಬಹುಪಾಲು ಹೊರದೇಶದಿಂದ ಬರಬೇಕು. ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ತಡವಾದರೆ ಹಣ ನೀರುಪಾಲು. ಒಬ್ಬ ದಾನಿಯ ಕೋಶ ಮುಗಿದರೆ ಅದೇ ಗುಣದ ಕೋಶ ಮತ್ತೆ ಸಿಗುವುದಿಲ್ಲ, ಹೊಸದರ ಮೇಲೆ ಲೆಕ್ಕವೆಲ್ಲ ಮೊದಲಿನಿಂದ. ಇನ್‌ಕ್ಯುಬೇಟರ್ 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಹಗಲು ರಾತ್ರಿ ಓಡಬೇಕು, ಕರೆಂಟು ಹೋದರೆ ಯುಪಿಎಸ್, ಅದೂ ಕೈಕೊಟ್ಟರೆ ಜನರೇಟರ್. ಭಾನುವಾರವೂ ಒಬ್ಬರು ಬಂದು ದ್ರವ ಬದಲಿಸಬೇಕು. ಇಲಿ ಸಾಕಲು ಪ್ರಾಣಿ ಮನೆ, ನೋಡಿಕೊಳ್ಳಲು ಆಳು, ನೈತಿಕ ಸಮಿತಿ ಎಲ್ಲ ಫಾರ್ಮಸಿ ಕಾಲೇಜುಗಳಲ್ಲಿ ಮೊದಲಿಂದ ಇವೆ. ಕೋಶ ಸಾಕುವುದನ್ನು ಕೈಹಿಡಿದು ಕಲಿಸುವವರು ಅಷ್ಟು ಜನ ಇಲ್ಲ. ಎಂ.ಫಾರ್ಮ್ ಮುಗಿಸಿ ಮುಂದೇನು ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಈಗ ಕೊಡುವ ಸಲಹೆ ಅದೇ: ಆರು ತಿಂಗಳು ಎಲ್ಲಾದರೂ ಸೆಲ್ ಕಲ್ಚರ್ ಲ್ಯಾಬಿನಲ್ಲಿ ಕೂತು, ಕೋಶಗಳನ್ನು ಸೋಂಕು ತಗುಲದಂತೆ ಬದುಕಿಸಿಟ್ಟುಕೊಳ್ಳುವುದನ್ನು ಕಲಿಯಿರಿ.